ಒಂಟಿಚಕ್ರ ನಿಂತಲ್ಲಿ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಬೆಳಿಗ್ಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ವೆಸ್ಟ್ ರಸ್ತೆಯಲ್ಲಿ ನಿಂತವರೆಲ್ಲ ಕತ್ತೆತ್ತಿಕೊಂಡೇ ಇರುತ್ತಾರೆ. ಮೇಸಿಸ್ ಎಂಬ ದೊಡ್ಡ ಅಂಗಡಿಯವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೆರವಣಿಗೆ ಎಂದರೆ ಮೊದಲು ಬಲೂನು, ಆಮೇಲೆ ಉಳಿದದ್ದು. ಮಹಡಿ ಮನೆಗಳಷ್ಟು ಎತ್ತರದ ಹೀಲಿಯಂ ಬಲೂನುಗಳನ್ನು ಹತ್ತಾರು ಜನ ಹಗ್ಗ ಹಿಡಿದು ಎಳೆದುಕೊಂಡು ಹೋಗುತ್ತಿರುವಾಗ ಕೆಳಗೆ ನೆಲದಲ್ಲಿ ಏನಿದೆ ಎಂದು ನೋಡುವವರು ಯಾರು? ನೋಡುವವರು ಮಕ್ಕಳು. ಬ್ಯಾರಿಕೇಡಿನ ಕಂಬಿಗಳ ಸಂದಿಯಲ್ಲಿ ಮುಖವಿಟ್ಟ ಮಗುವಿಗೆ ಎದುರಾಗುವುದು ಕ್ಲೌನುಗಳ ದೊಡ್ಡ ಬೂಟು, ಬ್ಯಾಂಡಿನವರ ಬಿಳಿ ಕಾಲುಚೀಲ, ಪೊಲೀಸ್ ಕುದುರೆಯ ಗೊರಸು. ಅದೃಷ್ಟವಿದ್ದರೆ ಇವುಗಳ ನಡುವೆ ಒಂದೇ ಒಂದು ಚಕ್ರ.

ಆ ಚಕ್ರ ಸುಮ್ಮನೆ ಹಾದುಹೋದರೆ ಅದು ಬರೀ ನೋಟ. ಭೇಟಿಯಾಗುವುದು ಅದು ನಿಂತಾಗ. ಒಂಟಿಚಕ್ರದ ಸೈಕಲ್ಲಿಗೆ ಹೋಗುವುದು ಸುಲಭ, ನಿಲ್ಲುವುದೇ ಕಷ್ಟ. ಮೆರವಣಿಗೆಯಲ್ಲೋ ನಿಲ್ಲದೆ ವಿಧಿಯಿಲ್ಲ.

ಯಾಕೆ ನಿಲ್ಲಬೇಕಾಗುತ್ತದೆ ಎಂಬುದನ್ನು ಮೊದಲು ನೋಡೋಣ. 1924ರ ನವೆಂಬರ್ 27ರಂದು ಮೇಸಿಸ್ ಅಂಗಡಿಯ ನೌಕರರು ಮೊದಲ ಮೆರವಣಿಗೆ ಹೊರಡಿಸಿದಾಗ ಅದು ಹಾರ್ಲೆಮ್‌ನ 145ನೇ ಬೀದಿಯಿಂದ 34ನೇ ಬೀದಿಯ ಅಂಗಡಿಯವರೆಗೆ, ಹತ್ತಿರ ಹತ್ತಿರ 10 ಕಿಲೋಮೀಟರ್ ನಡೆದಿತ್ತು. ಆಗ ಬಲೂನಿರಲಿಲ್ಲ, ಮೃಗಾಲಯದಿಂದ ತಂದ ಜೀವಂತ ಪ್ರಾಣಿಗಳಿದ್ದವು. ಬಲೂನು ಬಂದದ್ದು 1927ರಲ್ಲಿ. ಈಗಿನ ದಾರಿ ಸುಮಾರು 4 ಕಿಲೋಮೀಟರ್: 77ನೇ ಬೀದಿಯ ಬಳಿ ಶುರು, ಸೆಂಟ್ರಲ್ ಪಾರ್ಕ್ ವೆಸ್ಟ್ ಉದ್ದಕ್ಕೂ ಕೊಲಂಬಸ್ ಸರ್ಕಲ್, ಅಲ್ಲಿ ಎಡಕ್ಕೆ ತಿರುಗಿ ಸೆಂಟ್ರಲ್ ಪಾರ್ಕ್ ಸೌತ್, ಮತ್ತೆ ಬಲಕ್ಕೆ 6ನೇ ಅವೆನ್ಯೂ, ಕೊನೆಗೆ 34ನೇ ಬೀದಿ. ನಾಲ್ಕು ಕಿಲೋಮೀಟರ್ ಏನು ಮಹಾ, ಇಪ್ಪತ್ತು ನಿಮಿಷದ ಸವಾರಿ ಎನ್ನಬಹುದು. ಆದರೆ ದಾರಿಯ ಕೊನೆಯಲ್ಲಿ ಅಂಗಡಿಯ ಮುಂದೆ ಟೀವಿ ಕ್ಯಾಮೆರಾ ಕಾದಿರುತ್ತದೆ. ಅಲ್ಲಿ ಒಂದು ಬ್ಯಾಂಡು ನಿಂತು ನುಡಿಸಿದರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ತಿರುವಿನಲ್ಲಿ ಒಂದು ಬಲೂನನ್ನು ಹಗ್ಗ ಬಿಗಿದು ಬಗ್ಗಿಸಿದರೂ ನಿಲ್ಲುತ್ತದೆ. ಮುಂದಿನವರು ನಿಂತದ್ದು ಯಾಕೆಂದು ಹಿಂದಿನವರಿಗೆ ಗೊತ್ತಾಗುವುದೂ ಇಲ್ಲ. ಮೈಸೂರಿನ ಜಂಬೂ ಸವಾರಿ ನೋಡಿದವರಿಗೆ ಈ ನಿಂತು ನಿಂತು ಸಾಗುವ ಲಯವನ್ನು ವಿವರಿಸಿ ಹೇಳಬೇಕಿಲ್ಲ.

ನಡೆಯುವವನು ನಿಂತರೆ ನಿಂತ, ಅಷ್ಟೆ. ಒಂಟಿಚಕ್ರದ ಮೇಲೆ ಕೂತವನಿಗೆ ಹಾಗಲ್ಲ. ಮುಂದಕ್ಕೋ ಹಿಂದಕ್ಕೋ ವಾಲಿದರೆ ಪೆಡಲ್ ಒತ್ತಿ ಚಕ್ರವನ್ನು ಮೈಯ ಅಡಿಗೆ ತಂದುಕೊಳ್ಳಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಸೊಂಟ ತಿರುಚಿ, ವಾಲಿದ ಕಡೆಗೇ ಚಕ್ರವನ್ನು ತಿರುಗಿಸಿ ಅದರ ಮೇಲೆ ಹೋಗಬೇಕು. ಮೊದಲನೆಯದು ಕಾಲಿನ ಕೆಲಸ. ಎರಡನೆಯದಕ್ಕೆ ಚಕ್ರ ಉರುಳುತ್ತಿರಬೇಕು, ಉರುಳದ ಚಕ್ರ ತಿರುಗಿಸಿದರೂ ಮೈಯ ಅಡಿಗೆ ಬರುವುದಿಲ್ಲ. ವೇಗ ಇಳಿದಷ್ಟೂ ಪಕ್ಕಕ್ಕೆ ಬೀಳುವ ಭಯ ಹೆಚ್ಚುವುದು ಇದಕ್ಕೇ. ಕಲಿಯುವವರು ಹೆದರಿ ನಿಧಾನ ಮಾಡುತ್ತಾರೆ, ನಿಧಾನ ಮಾಡಿದ್ದಕ್ಕೇ ಬೀಳುತ್ತಾರೆ.

ಇನ್ನು ಚಕ್ರದ ಅಳತೆ. ಸಾಮಾನ್ಯ ಒಂಟಿಚಕ್ರದಲ್ಲಿ ಚೈನಿಲ್ಲ, ಫ್ರೀವೀಲ್ ಇಲ್ಲ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. 20 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಹೋಗುತ್ತದೆ, 24 ಇಂಚಿನದು 1.9 ಮೀಟರ್, 36 ಇಂಚಿನದು 2.87 ಮೀಟರ್. ಗಂಟೆಗೆ 4 ಕಿಲೋಮೀಟರಿನ ನಡಿಗೆಯ ವೇಗದಲ್ಲಿ 20 ಇಂಚಿನವನು ನಿಮಿಷಕ್ಕೆ 41–42 ಸುತ್ತು ತುಳಿಯುತ್ತಾನೆ, 36 ಇಂಚಿನವನು 23. ಕಡಿಮೆ ತುಳಿದರೆ ಸುಲಭವಲ್ಲವೇ ಅನ್ನಿಸಬಹುದು. ಅಲ್ಲ. ಒಂದು ಪೆಡಲ್ ಮೇಲೆ, ಒಂದು ಕೆಳಗೆ ನೆಟ್ಟಗೆ ನಿಂತ ಗಳಿಗೆಯಲ್ಲಿ ಕಾಲಿಗೆ ಬಲ ಹಾಕಲು ಬರುವುದಿಲ್ಲ. ನಿಮಿಷಕ್ಕೆ 23 ಸುತ್ತು ಎಂದರೆ ಆ ಬಲವಿಲ್ಲದ ಗಳಿಗೆ ಹಿಗ್ಗುತ್ತದೆ, ಸವಾರ ಪ್ರತಿ ಸುತ್ತಿನಲ್ಲೂ ಎರಡು ಸಲ ತೂರಾಡುತ್ತಾನೆ. 36 ಇಂಚಿನದು ಊರಿಂದೂರಿಗೆ ಹೋಗಲು ಒಳ್ಳೆಯದು, ಮೆರವಣಿಗೆಗೆ ತರುವುದು ದಡ್ಡತನ. 20 ಇಂಚಿನ ಚಕ್ರ, 114ರಿಂದ 127 ಮಿಲಿಮೀಟರ್ ಕ್ರ್ಯಾಂಕ್ (ಪೆಡಲನ್ನು ಚಕ್ರದ ನಡುವಿಗೆ ಸೇರಿಸುವ ತೋಳು), ನಯವಾದ ರಸ್ತೆ ಟೈರು ಸಾಕು. ಇಡೀ ದಾರಿಗೆ 2,500 ಸುತ್ತು. ನಿಂತಲ್ಲಿ ಆಡುವ ತೂಗಾಟದ ಲೆಕ್ಕ ಬೇರೆ.

ಆ ತೂಗಾಟಕ್ಕೆ ಸವಾರರು ಐಡ್ಲಿಂಗ್ ಎನ್ನುತ್ತಾರೆ. ಇಂಜಿನ್ ಬಂದ್ ಮಾಡದೆ ಬಸ್ಸು ನಿಂತ ಹಾಗೆ.

ಮಾಡುವ ಬಗೆ ಹೀಗೆ. ನಿಧಾನ ಮಾಡುತ್ತ ಬಂದು, ಬಲಗಾಲು ಪೂರ್ತಿ ಕೆಳಗಿರುವ ಹೊತ್ತಿಗೆ ಚಕ್ರ ತಡೆಯಬೇಕು (ಎಡಗಾಲು ಪಳಗಿದವರಿಗೆ ಎಡಗಾಲು). ಗಡಿಯಾರಕ್ಕೆ ಹೋಲಿಸಿದರೆ ಕೆಳಗಿನ ಪೆಡಲ್ ಈಗ ಆರು ಗಂಟೆಯಲ್ಲಿದೆ. ಅಲ್ಲಿಂದ ಅದನ್ನು ಐದಕ್ಕೂ ಏಳಕ್ಕೂ ನಡುವೆ ಹಿಂದೆ ಮುಂದೆ ಆಡಿಸುತ್ತಿರಬೇಕು. ಕಲಿಯುವಾಗ ಇಷ್ಟು ಸಣ್ಣ ತೂಗಾಟ ಬಾರದು, ಮೂರರಿಂದ ಒಂಬತ್ತರವರೆಗೆ ಹೋಗುತ್ತದೆ, ಹೋಗಲಿ. ಮೈಭಾರವೆಲ್ಲ ಸೀಟಿನ ಮೇಲೆ ಮತ್ತು ಕೆಳಗಿನ ಕಾಲಿನ ಮೇಲೆ. ಮೇಲಿನ ಕಾಲು ಪೆಡಲನ್ನು ಮುಟ್ಟಿದ್ದರೆ ಸಾಕು, ಒತ್ತಬಾರದು. ಹೆಚ್ಚಿನವರು ಕೆಡುವುದು ಇಲ್ಲಿಯೇ: ಹೆದರಿಕೆಗೆ ಮೇಲಿನ ಕಾಲನ್ನು ಬಲವಾಗಿ ತುಳಿಯುತ್ತಾರೆ, ಚಕ್ರ ಪೂರ್ತಿ ಸುತ್ತು ತಿರುಗಿಬಿಡುತ್ತದೆ, ಸವಾರ ಮುಂದಿನವರ ಬೆನ್ನಿಗೆ. ಎರಡನೇ ತಪ್ಪು ಸೊಂಟವನ್ನೂ ಚಕ್ರದ ಜೊತೆ ಆಡಿಸುವುದು. ಸೊಂಟ, ತಲೆ ಇದ್ದಲ್ಲೇ ಇರಬೇಕು. ಚಕ್ರ ಮಾತ್ರ ಅವುಗಳ ಕೆಳಗೆ ಹೋಗಿ ಬರಬೇಕು. ಅಂಗೈ ಮೇಲೆ ಕೋಲು ನಿಲ್ಲಿಸಿ ಆಡುವಾಗ ಅಲುಗುವುದು ಅಂಗೈ, ಕೋಲಿನ ತುದಿಯಲ್ಲ. ಇದೂ ಅದೇ ಆಟ.

ಸೆಕೆಂಡಿಗೆ ಒಂದು ತೂಗು ಎಂದಿಟ್ಟುಕೊಂಡರೆ ಮೂರು ನಿಮಿಷದ ನಿಲುಗಡೆಗೆ 180 ತೂಗು. ಒಂದೇ ಕಾಲಲ್ಲಿ ಇಷ್ಟು ಮಾಡಿದರೆ ತೊಡೆ ಉರಿಯುತ್ತದೆ. ಆದ್ದರಿಂದ ಎರಡೂ ಕಾಲಲ್ಲಿ ಬರುವಂತೆ ಮಾಡಿಕೊಳ್ಳಬೇಕು, 40–50ಕ್ಕೊಮ್ಮೆ ಅರ್ಧ ಸುತ್ತು ತುಳಿದು ಕಾಲು ಬದಲಿಸಬೇಕು. ಐಡ್ಲಿಂಗ್ ಬಾರದವರು ಸಣ್ಣ ಸುತ್ತು ಹಾಕುತ್ತಿರುತ್ತಾರೆ. ಜಾಗವಿದ್ದರೆ ಅದೂ ಆದೀತು, ಬ್ಯಾಂಡಿನವರ ನಡುವೆ ಆಗದು. ಸೀಟು ಹಿಡಿದು ಚಕ್ರದ ಮೇಲೆ ಕುಪ್ಪಳಿಸುವುದು ನೋಡಲು ಚೆಂದ, ಎರಡು ನಿಮಿಷಕ್ಕೆ ಉಸಿರು ಹೋಗುತ್ತದೆ. ಅಂತರರಾಷ್ಟ್ರೀಯ ಒಂಟಿಚಕ್ರ ಒಕ್ಕೂಟದ ಕೌಶಲ ಪಟ್ಟಿಯಲ್ಲಿ ಮೊದಲ ಹಂತಕ್ಕೆ ಕೇಳುವುದು ಆಸರೆಯಿಲ್ಲದೆ ಹತ್ತಿ 50 ಮೀಟರ್ ಹೋಗುವುದನ್ನು. ಅಷ್ಟು ಬಂತೆಂದು ಮೆರವಣಿಗೆಗೆ ಹೊರಡುವವರಿದ್ದಾರೆ. ನಿಲ್ಲಲು ಬಾರದವನು 50 ಮೀಟರ್ ಅಲ್ಲ, 5 ಕಿಲೋಮೀಟರ್ ಹೋಗಬಲ್ಲವನಾದರೂ ಅಲ್ಲಿ ಹೊರೆಯೇ.

ಇಷ್ಟೆಲ್ಲ ಬಂದವನಿಗೆ ಸಿಗುವುದು ಬ್ಯಾರಿಕೇಡಿನ ಪಕ್ಕದ ಒಂದೆರಡು ನಿಮಿಷ. ಅಲ್ಲಿ ಒಂದು ಸಣ್ಣ ಲೆಕ್ಕ ಕೆಲಸಕ್ಕೆ ಬರುತ್ತದೆ. 20 ಇಂಚಿನ ಚಕ್ರದ ನಡು ನೆಲದಿಂದ 25 ಸೆಂಟಿಮೀಟರ್ ಎತ್ತರದಲ್ಲಿದೆ, ಕ್ರ್ಯಾಂಕ್ 12.5 ಸೆಂಟಿಮೀಟರ್. ಅಂದರೆ ಕೆಳಗಿನ ಪಾದ ನೆಲದಿಂದ 12.5 ಸೆಂಟಿಮೀಟರ್ ಮೇಲೆ, ಅರ್ಧ ಗೇಣಿಗಿಂತ ಒಂದಿಷ್ಟು ಹೆಚ್ಚು. ಸವಾರ ನಿಂತ ಮನುಷ್ಯನಿಗಿಂತ ಅಷ್ಟೇ ಎತ್ತರ. ದೂರದಿಂದ ಗಾಳಿಯಲ್ಲಿ ತೇಲುವಂತೆ ಕಂಡವನು ಹತ್ತಿರ ಬಂದಾಗ ಹೆಚ್ಚುಕಡಿಮೆ ನಮ್ಮ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವಷ್ಟು ಎತ್ತರಕ್ಕೆ ಇಳಿದಿರುತ್ತಾನೆ. ಚೈನು ಹಾಕಿದ ಎತ್ತರದ ಒಂಟಿಚಕ್ರ, ಅಂದರೆ ಜಿರಾಫೆ ಸೈಕಲ್ ಮೇಲಿನವನಿಗೆ ಈ ಭಾಗ್ಯವಿಲ್ಲ. ಅವನನ್ನು ಜನ ಬಲೂನಿನ ಜೊತೆ ಸೇರಿಸಿ ನೋಡುತ್ತಾರೆ.

ಹತ್ತಿರ ನಿಂತು ನೋಡಿದರೆ ಕಾಣುವುದು ಬೇರೆಯೇ. ನಗುತ್ತಿರುವ ಬಣ್ಣದ ಮುಖ, ಅಲುಗದ ಹೆಗಲು, ಸೊಂಟದಿಂದ ಕೆಳಗೆ ಮಾತ್ರ ಬಿಡುವಿಲ್ಲದ ಕೆಲಸ. ಕೆಳಗಿನ ಬೂಟಿನ ಹಿಮ್ಮಡಿ ಹೋಗಿ ಬರುತ್ತದೆ, ಟೈರು ಡಾಂಬರಿನ ಮೇಲೆ ಒಂದೇ ಗೇಣು ಜಾಗವನ್ನು ಉಜ್ಜಿ ಉಜ್ಜಿ ಕಪ್ಪು ಗೆರೆ ಎಳೆಯುತ್ತದೆ, ಎಡಗೈಯ ಎರಡು ಬೆರಳು ಸೀಟಿನ ಮುಂದಿನ ಹಿಡಿಯನ್ನು ಬಿಡುವುದೇ ಇಲ್ಲ. ನ್ಯೂಜೆರ್ಸಿಯಿಂದ ಪಾತ್ ರೈಲು ಹಿಡಿದು 33ನೇ ಬೀದಿಯಲ್ಲಿ ಇಳಿದು ಬರುವ ನಮ್ಮವರ ಸಂಸಾರಗಳೂ ಈ ಗುಂಪಿನಲ್ಲಿರುತ್ತವೆ. ಯಾವ ಭಾಷೆಯ ಮಗುವಾದರೂ ಕೇಳುವುದು ಒಂದೇ ಪ್ರಶ್ನೆ: "ಇನ್ನೊಂದು ಗಾಲಿ ಎಲ್ಲಿ?" ದೊಡ್ಡವರೂ ಅದನ್ನೇ ಕೇಳುತ್ತಾರೆ, ತಾವೇ ಮೊದಲು ಕೇಳಿದವರೆಂಬಂತೆ. ಒಳ್ಳೆಯ ಸವಾರ ಪ್ರತಿ ಸಲವೂ ಮೊದಲ ಸಲ ಕೇಳಿದವನಂತೆ ಹುಡುಕಾಡುತ್ತಾನೆ.

ಕೈ ಚಾಚುವವರಿಗೆ ಒಂದು ಮಾತು. ಐಡ್ಲಿಂಗ್ ಮಾಡುತ್ತಿರುವವನ ಕೈ ಹಿಡಿದು ಕುಲುಕಬೇಡಿ, ನಿಮ್ಮ ಕುಲುಕಾಟ ನೇರ ಅವನ ಚಕ್ರಕ್ಕೆ ಇಳಿಯುತ್ತದೆ. ಅಂಗೈ ತೆರೆದು ಹಿಡಿಯಿರಿ, ಅವನೇ ತಟ್ಟಿ ಹೋಗುತ್ತಾನೆ. ಅವನು ವಾಲಿದಂತೆ ಕಂಡರೆ ತೋಳು ಹಿಡಿದೆಳೆಯುವುದಕ್ಕಿಂತ ನಿಮ್ಮ ಮುಂಗೈಯನ್ನು ಗೋಡೆಗೂಟದಂತೆ ಗಟ್ಟಿ ಮಾಡಿ ಕೊಡಿ. ಆಸರೆ ಅಲುಗಬಾರದು, ಅಷ್ಟೇ ಬೇಕಾದದ್ದು. ಬ್ಯಾರಿಕೇಡನ್ನೇ ಹಿಡಿದರಾಯಿತಲ್ಲ ಎಂದರೆ, ಆಗಬಹುದು. ಆದರೆ ಸವಾರ ಅದನ್ನು ಮೇಲಿನಿಂದ ಅಂಗೈಯಲ್ಲಿ ಒತ್ತಬೇಕು, ಬೆರಳು ಸುತ್ತಿ ಹಿಡಿಯಬಾರದು. ಚಕ್ರ ಜಾರಿದಾಗ ಸುತ್ತಿದ ಬೆರಳು ಅಲ್ಲೇ ಸಿಕ್ಕಿಕೊಂಡು ಮಣಿಕಟ್ಟು ಉಳುಕುತ್ತದೆ.

ಕೆಡುವುದು ಏನೇನು? ಬಹಳ ಇದೆ. ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಎಡ ಪೆಡಲಿನ ವಿಷಯ. ಸೈಕಲ್ಲುಗಳಲ್ಲಿ ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ತುಳಿಯುತ್ತಾ ಹೋದ ಹಾಗೆ ಸಡಿಲವಾಗದಿರಲಿ ಎಂದು. ಎರಡು ಚಕ್ರದ ಸೈಕಲ್ಲಿಗೆ ಹಿಂದು ಮುಂದು ಯಾವುದೆಂಬ ಗೊಂದಲವಿಲ್ಲ. ಒಂಟಿಚಕ್ರ ಎರಡು ಕಡೆಯಿಂದಲೂ ಒಂದೇ ಥರ ಕಾಣುತ್ತದೆ. ಚಕ್ರ ಬಿಚ್ಚಿ ಹಾಕುವಾಗ, ಅಥವಾ ಸೀಟನ್ನು ತಿರುಗಿಸಿ ಕೂರಿಸುವಾಗ ಅದಲು ಬದಲಾದರೆ ಎಡದ್ದು ಬಲಕ್ಕೆ ಬರುತ್ತದೆ. ಆಮೇಲೆ ಪ್ರತಿ ತುಳಿತವೂ ಪೆಡಲನ್ನು ಬಿಚ್ಚುವ ತುಳಿತವೇ. ಒಂದೆರಡು ಕಿಲೋಮೀಟರಿಗೆ ಪೆಡಲ್ ವಾಲಿ, ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ಡನ್ನು ಕಿತ್ತುಕೊಂಡು ಬೀಳುತ್ತದೆ. ಹೊಸ ಕ್ರ್ಯಾಂಕ್ ಹಾಕದೆ ಅದು ಸರಿಹೋಗದು. ಹೊರಡುವ ಮುನ್ನ ಪೆಡಲಿನ ಅಕ್ಷದ ತುದಿಯಲ್ಲಿ ಕೊರೆದ ಎಲ್, ಆರ್ ಅಕ್ಷರಗಳನ್ನು ನೋಡಿ, ಸೀಟಿನ ಮೇಲೆ ಕೂತಾಗ ಎಲ್ ಎಡಗಾಲಿಗೆ ಬರುತ್ತದೆಯೇ ಎಂದು ಖಚಿತ ಮಾಡಿಕೊಳ್ಳುವುದು ಹತ್ತು ಸೆಕೆಂಡಿನ ಕೆಲಸ.

ಎರಡನೆಯದು ಕ್ರ್ಯಾಂಕಿನ ನಟ್ಟು. ಚೌಕ ತುದಿಯ ಆಕ್ಸಲ್ ಇದ್ದರೆ 35–40 ನ್ಯೂಟನ್ ಮೀಟರ್ ಬಿಗಿ ಬೇಕು, ಅಂದರೆ ಒಂದಡಿ ಉದ್ದದ ಸ್ಪ್ಯಾನರ್ ತುದಿಯಲ್ಲಿ 12–13 ಕಿಲೋ ಭಾರ ಹಾಕಿದಷ್ಟು. ತುಳಿಯುವಾಗ ಸುತ್ತಿಗೊಮ್ಮೆ "ಟಕ್" ಎಂದರೆ ಅಲ್ಲಿಗೇ ಇಳಿಯಬೇಕು. ಐಡ್ಲಿಂಗಿನಲ್ಲಿ ಬಲ ಹಿಂದೆ ಮುಂದೆ ಬದಲಾಗುತ್ತಲೇ ಇರುವುದರಿಂದ ಸಡಿಲವಾದ ಕ್ರ್ಯಾಂಕಿನ ಚೌಕ ತೂತು ಬೇಗ ಗುಂಡಗಾಗುತ್ತದೆ, ನೇರ ಓಡಿಸುವುದಕ್ಕಿಂತ ಬೇಗ.

ಗಾಳಿ. ಬೆಚ್ಚಗಿನ ಕೋಣೆಯಲ್ಲಿ 40 ಪಿಎಸ್‌ಐ ತುಂಬಿಸಿದ ಟೈರು ಹೊರಗೆ 4–5 ಡಿಗ್ರಿ ಚಳಿಯಲ್ಲಿ ಗಂಟೆ ನಿಂತರೆ 37ಕ್ಕೆ ಇಳಿದಿರುತ್ತದೆ. ಮೂರು ಪಿಎಸ್‌ಐ ಏನು ಮಾಡೀತು? ಎರಡು ಚಕ್ರದವರಿಗೆ ಏನೂ ಮಾಡದು. ಒಂಟಿಚಕ್ರದ ಟೈರು ಮೆತ್ತಗಾದಷ್ಟೂ ರಸ್ತೆಯ ಇಳಿಜಾರು ಅದನ್ನು ಪಕ್ಕಕ್ಕೆ ಎಳೆಯುತ್ತದೆ, ಸೊಂಟ ತಿರುಚಲು ಹೆಚ್ಚು ಬಲ ಬೇಕಾಗುತ್ತದೆ. ಮಳೆನೀರು ಹರಿಯಲೆಂದು ರಸ್ತೆಗಳ ನಡು ಉಬ್ಬಿ ಅಂಚು ತಗ್ಗಿರುವುದರಿಂದ ಬ್ಯಾರಿಕೇಡಿನ ಹತ್ತಿರ ಹೋದಷ್ಟೂ ಈ ಎಳೆತ ಜಾಸ್ತಿ. ಜನರ ಹತ್ತಿರ ಹೋಗುವ ಆಸೆ, ಚರಂಡಿ ಕಡೆಗೆ ಎಳೆವ ರಸ್ತೆ, ಎರಡೂ ಒಂದೇ ದಿಕ್ಕಿನಲ್ಲಿ! ಅದಕ್ಕೇ ನಡುರಸ್ತೆಯಲ್ಲಿ ಸಾಗಿ, ನಿಲ್ಲುವಾಗ ಮಾತ್ರ ಅಂಚಿಗೆ ಬರುವುದು ಜಾಣತನ.

ನೆಲದಲ್ಲಿ ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಬಿಳಿ ಬಣ್ಣ ಬಳಿದ ಪಟ್ಟೆ, ಒದ್ದೆ ಕಾಗದದ ಚೂರು, ಕುದುರೆ ಲದ್ದಿ ಇವೆಲ್ಲ ಜಾರುತ್ತವೆ. ಇವುಗಳ ಮೇಲೆ ನೇರ ದಾಟಬೇಕು, ತಿರುಗಬಾರದು, ಐಡ್ಲಿಂಗಂತೂ ಕೂಡದು. ಸಡಿಲ ಪಾಯಿಜಾಮದ ಕಾಲು, ಬೂಟಿನ ಲೇಸು ಕ್ರ್ಯಾಂಕಿಗೆ ಸುತ್ತಿಕೊಳ್ಳುತ್ತವೆ. ಲೇಸಿನ ತುದಿಯನ್ನು ಬೂಟಿನೊಳಗೆ ತುರುಕಿ, ಪಾಯಿಜಾಮಕ್ಕೆ ಮೊಣಕಾಲ ಕೆಳಗೆ ಎಲಾಸ್ಟಿಕ್ ಹಾಕುವುದು. ಗಾಳಿ ಬೀಸುವುದು ಅಡ್ಡಬೀದಿಯ ಬಾಯಲ್ಲಿ. ಎತ್ತರದ ಕಟ್ಟಡಗಳ ಮರೆಯಿಂದ ಹೊರಬಂದೊಡನೆ ಒಂದೇ ಪಟ್ಟಿಗೆ ಹೊಡೆಯುತ್ತದೆ. 1997ರಲ್ಲಿ 72ನೇ ಬೀದಿಯ ಬಳಿ ಬಲೂನೊಂದು ಗಾಳಿಗೆ ದೀಪದ ಕಂಬಕ್ಕೆ ಬಡಿದು ಪ್ರೇಕ್ಷಕರು ಗಾಯಗೊಂಡ ಮೇಲೆ ನಗರ ನಿಯಮ ಬಿಗಿ ಮಾಡಿತು: ಒಂದೇ ಸಮನೆ ಗಂಟೆಗೆ 37 ಕಿಲೋಮೀಟರಿಗಿಂತ ಜೋರಾಗಿ ಬೀಸಿದರೆ, ಅಥವಾ ಒಮ್ಮೊಮ್ಮೆ 55 ದಾಟಿದರೆ ದೊಡ್ಡ ಬಲೂನು ಹಾರುವಂತಿಲ್ಲ. ಒಂಟಿಚಕ್ರದವನಿಗೆ ಅಂಥ ನಿಯಮವಿಲ್ಲ. ಅಗಲ ತೋಳಿನ ಅಂಗಿ, ದೊಡ್ಡ ಟೋಪಿ ಹಾಕಿಕೊಂಡಿದ್ದರೆ ಅವನೂ ಒಂದು ಸಣ್ಣ ಬಲೂನೇ.

ಬೀಳುವ ರೀತಿಯನ್ನೂ ಕಲಿಯಬೇಕು. ಸವಾರ ಮುಂದಕ್ಕೆ ಇಳಿದರೆ ಕಾಲ ಮೇಲೆ ನಿಲ್ಲುತ್ತಾನೆ, ಅವನಿಗೆ ಪೆಟ್ಟಾಗುವುದು ಅಪರೂಪ. ಸೈಕಲ್ ಮಾತ್ರ ಬಾಣದಂತೆ ಹಿಂದಕ್ಕೆ ಹಾರಿ ಹಿಂದಿನವರ ಮೊಣಕಾಲ ಕೆಳಗಿನ ಮೂಳೆಗೆ ಬಡಿಯುತ್ತದೆ. ಸೀಟಿನ ಹಿಡಿಯಿಂದ ಎರಡು ಬೆರಳು ಬಿಡದಿರುವುದು ಇದಕ್ಕೇ. ಹಿಂದಿನವರಿಗೂ ತನಗೂ ಎರಡು ಮೀಟರ್ ಅಂತರ ಇಟ್ಟುಕೊಳ್ಳುವುದೂ ಇದಕ್ಕೇ.

ಮೆರವಣಿಗೆಗೆ ಸೇರದ ಒಂಟಿಚಕ್ರದವರೂ ಆ ಊರಿನಲ್ಲಿ ಇದ್ದಾರೆ. ನ್ಯೂಯಾರ್ಕಿಗೂ ಒಂಟಿಚಕ್ರಕ್ಕೂ ಹಳೆಯ ನಂಟು. ಬ್ರಾಂಕ್ಸಿನಲ್ಲಿ ಜೆರ್ರಿ ಕಿಂಗ್ 1958ರಲ್ಲಿ ಕಟ್ಟಿದ ಕಿಂಗ್ ಚಾರ್ಲ್ಸ್ ತಂಡ ಒಂಟಿಚಕ್ರದ ಮೇಲೆ ಬಾಸ್ಕೆಟ್‌ಬಾಲ್ ಆಡಿ, 1960ರ ದಶಕದ ಕೊನೆಗೆ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ಸೇರಿತು. ಒಂಟಿಚಕ್ರದ ಮೊದಲ ವಿಶ್ವಕೂಟ 1984ರಲ್ಲಿ ಅದೇ ರಾಜ್ಯದ ಸಿರಕ್ಯೂಸಿನಲ್ಲಿ ನಡೆಯಿತು. ಕಾನೂನಿಗೆ ಮಾತ್ರ ಈ ವಾಹನ ಇನ್ನೂ ಪರಿಚಯವಾದಂತಿಲ್ಲ. ಫುಟ್‌ಪಾತಿನ ಮೇಲೆ ಸೈಕಲ್ ಓಡಿಸುವುದನ್ನು ತಡೆಯುವ ನಗರ ಸಂಹಿತೆಯ 19-176ನೇ ಕಲಮು ಸೈಕಲ್ ಎಂದರೆ ಎರಡು ಅಥವಾ ಮೂರು ಚಕ್ರವಿದ್ದು ಬೆಲ್ಟು, ಚೈನು ಇಲ್ಲವೇ ಗಿಯರಿನಿಂದ ನಡೆಯುವುದು ಎನ್ನುತ್ತದೆ. ಒಂಟಿಚಕ್ರದಲ್ಲಿ ಚಕ್ರವೂ ಸಾಲದು, ಚೈನೂ ಇಲ್ಲ. ಹಾಗೆಂದು ಹಬ್ಬದ ಬೆಳಿಗ್ಗೆ ಪೊಲೀಸರ ಎದುರು ಕಲಮು ಓದಿ ಹೇಳುವುದು ಬೇಡ. ಇಳಿದು ಕೈಯಲ್ಲಿ ಹಿಡಿದು ನಡೆದರೆ ಯಾರಿಗೂ ತೊಂದರೆಯಿಲ್ಲ.

ಮೆರವಣಿಗೆಯ ಹೊತ್ತಿಗೆ 6ನೇ ಅವೆನ್ಯೂ ಒಂದು ನದಿ ಇದ್ದ ಹಾಗೆ. ಈ ದಡದವರು ಆ ದಡಕ್ಕೆ ಹೋಗಬೇಕೆಂದರೆ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ಅಡಿಯಿಂದ ದಾಟುವುದು ಉಪಾಯ. ಎರಡು ಚಕ್ರದ ಸೈಕಲ್ ಹೊತ್ತು ಆ ನೂಕುನುಗ್ಗಲಿನಲ್ಲಿ ಇಳಿಯುವುದು ಸಾಧ್ಯವಿಲ್ಲ. 20 ಇಂಚಿನ ಒಂಟಿಚಕ್ರ ತೂಗುವುದೇ ಐದಾರು ಕಿಲೋ, ಸೀಟು ಹಿಡಿದರೆ ಕೊಡೆಯಂತೆ ಜೊತೆಗೆ ಬರುತ್ತದೆ. ಪೆಡಲನ್ನು ಒಳಗಡೆಗೆ, ತನ್ನ ಕಾಲಿನ ಕಡೆಗೆ ತಿರುಗಿಸಿಕೊಂಡಿರಬೇಕು, ಇಲ್ಲವಾದರೆ ಪಕ್ಕದವರ ಕಾಲುಚೀಲ ಹರಿಯುವುದು ಖಂಡಿತ.

ಹೀಗೆ ಮೆಟ್ಟಿಲು ಹತ್ತಿ ಬಂದ ಒಬ್ಬ, ಮೆರವಣಿಗೆ ಮುಗಿಸಿ ಬಣ್ಣ ಒರೆಸುತ್ತ ಅಡ್ಡಬೀದಿಗೆ ಬಂದ ಇನ್ನೊಬ್ಬ ಎದುರಾದರೆ ನೋಡಬೇಕು. ಹೆಸರು ಕೇಳುವುದು ಆಮೇಲೆ. ಮೊದಲ ನೋಟ ಟೈರಿಗೆ, ಎರಡನೆಯದು ಕ್ರ್ಯಾಂಕಿಗೆ. "125 ಆ?" "114." ಅಷ್ಟರಲ್ಲಿ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಬಹಳಷ್ಟು ತಿಳಿದುಹೋಗಿರುತ್ತದೆ. ಕ್ರ್ಯಾಂಕ್ ಗಿಡ್ಡವಿದ್ದರೆ ಕಾಲು ನಯವಾಗಿ ಸುತ್ತುತ್ತದೆ, ತಡೆಯುವ ಬಲ ಕಡಿಮೆ. ಉದ್ದವಿದ್ದರೆ ನಿಲ್ಲಲು ಅನುಕೂಲ, ಓಡುವಾಗ ಸೊಂಟ ಕುಣಿಯುತ್ತದೆ. ಸೀಟಿನ ಎರಡು ತುದಿಯ ಪ್ಲಾಸ್ಟಿಕ್ ಎಷ್ಟು ಸವೆದಿದೆ ಎನ್ನುವುದು ಎಷ್ಟು ಸಲ ಬಿದ್ದಿದ್ದಾರೆ ಎಂಬುದರ ಲೆಕ್ಕ. ಹೊಳೆಯುವ ಸೀಟಿನವನನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಆಗ ಪಕ್ಕದಲ್ಲಿ ನಿಂತ ಯಾರೋ "ನಾನೂ ಒಂದ್ಸಲ ಕೂರಬಹುದಾ?" ಎಂದೇ ಎನ್ನುತ್ತಾರೆ. ಕೂರಿಸಬಹುದು. ಸೀಟು ಅವರ ಹೊಕ್ಕುಳ ಎತ್ತರಕ್ಕೆ ಬರುವಂತೆ ಇಳಿಸಿ ಅಥವಾ ಏರಿಸಿ. ಖಾಲಿಯಾದ ಬ್ಯಾರಿಕೇಡನ್ನು ಬಲಗೈಗೆ ಕೊಡಿ, ಎಡಗೈಗೆ ನಿಮ್ಮ ಮುಂಗೈ. ಸೀಟು ಕಾಲ ನಡುವೆ, ಒಂದು ಪೆಡಲ್ ತಮ್ಮ ಕಡೆಗೆ, ಗಡಿಯಾರದ ನಾಲ್ಕು ಗಂಟೆಯ ಜಾಗಕ್ಕೆ ಇಳಿದಿರಲಿ. ಆ ಪೆಡಲನ್ನು ತುಳಿದರೆ ಚಕ್ರ ಹಿಂದಕ್ಕೆ ಬಂದು ಸೀಟಿನಡಿ ನಿಲ್ಲುತ್ತದೆ, ಅವರು ಮೇಲಿರುತ್ತಾರೆ. ಸೀಟಿನ ಮೇಲೆ ಭಾರ ಬಿಟ್ಟು ಕೂರಲು ಹೇಳಿ, ಎಲ್ಲರೂ ಪೆಡಲಿನ ಮೇಲೆ ಎದ್ದು ನಿಲ್ಲಲು ನೋಡುತ್ತಾರೆ. ಕಾಲು ನೋಡಬೇಡಿ, ಬೀದಿಯ ಆ ತುದಿಯ ಸಿಗ್ನಲ್ ನೋಡಿ ಎನ್ನಿ. ಅರ್ಧ ಸುತ್ತು, ನಿಲ್ಲು. ಮತ್ತೆ ಅರ್ಧ ಸುತ್ತು, ನಿಲ್ಲು. ಐದು ನಿಮಿಷದಲ್ಲಿ ಸವಾರಿ ಬರುವುದಿಲ್ಲ, ಅದಕ್ಕೆ ದಿನಕ್ಕೊಂದು ಗಂಟೆಯಂತೆ ಎರಡು ವಾರವಾದರೂ ಬೇಕು. ಆದರೆ ಎರಡೂ ಪೆಡಲ್ ಅಡ್ಡಡ್ಡ ಸಮವಾಗಿ, ಬ್ಯಾರಿಕೇಡಿನ ಮೇಲಿನ ಬೆರಳು ಸಡಿಲವಾಗಿ, ಚಕ್ರ ಅಲುಗದೆ ಇರುವ ಒಂದು ಗಳಿಗೆ ಸಿಕ್ಕೇ ಸಿಗುತ್ತದೆ. ಅಷ್ಟರಲ್ಲಿ ಪಾಲಿಕೆಯವರು ಬ್ಯಾರಿಕೇಡು ಒಯ್ಯಲು ಬಂದಿರುತ್ತಾರೆ, ಇಳಿಯಬೇಕು.